ಮಾವನ ಹಾಗಿ

ನಮ್ಮ ಮಾವನಿಗೆ ಜಪಾನಿನಲ್ಲಿ ಎಂದೂ ದಾರಿ ತಪ್ಪಿಲ್ಲ. ಅವರು ಜಪಾನಿಗೆ ಹೋಗಿಯೇ ಇಲ್ಲ ಎಂಬುದು ಬೇರೆ ಮಾತು! ದಾರಿ ತಪ್ಪುವುದೆಲ್ಲ ಸ್ಟಾಕ್‌ಹೋಮಿನಲ್ಲಿ. ಕಿಸ್ಟಾದ ಆಫೀಸಿಗೆಂದು ಹೊರಟು, ಅದೇ ನೀಲಿ ಲೈನಿನ ಇನ್ನೊಂದು ಕವಲಿನ ಮೆಟ್ರೋ ಹತ್ತಿ, ಕೊನೆಯ ಸ್ಟೇಷನ್ನಿನಿಂದ ನನಗೆ ಫೋನ್ ಮಾಡುತ್ತಾರೆ: "ಇದ್ಯಾವ ಊರೋ?"

ಇಂಥವರಿಗೆ ಹಿಡಿದಿರುವ ಹುಚ್ಚು, ಜಪಾನಿನ ಕಡಲ ದಂಡೆಯಲ್ಲಿರುವ ಹಾಗಿ ಎಂಬ ಪುಟ್ಟ ಊರು. ಅತ್ತೆಯ ಕಣ್ಣು ದಿನೇ ದಿನೇ ಮಂಜಾಗುತ್ತಿದೆ. ದೃಷ್ಟಿ ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿಯಾಗಿದೆ. ಅಷ್ಟರೊಳಗೆ ಅವರಿಗೆ ಆ ಊರನ್ನು ತೋರಿಸಬೇಕೆಂದು ಮಾವನ ಹಟ. ಅತ್ತೆ ಒಪ್ಪುತ್ತಿಲ್ಲ. ನಮಗಂತೂ ತಲೆಬುಡ ತಿಳಿಯುತ್ತಿಲ್ಲ. ಲೋಕದಲ್ಲಿ ಬೇರೆ ಊರೇ ಇಲ್ಲವೇ?

ಹೆಸರಿನಿಂದಲೇ ಗೊಂದಲ ಶುರು. ಕನ್ನಡದವರೆಲ್ಲ ಸೇರಿದ್ದ ಊಟದಲ್ಲಿ ಒಬ್ಬರು ಮಾವನನ್ನು ಕೇಳಿದರು:

"ರಜಕ್ಕೆ ಎಲ್ಲಿಗ್ ಸಾರ್ ಪ್ಲಾನು?"

"ಹಾಗಿ."

"ಹಾಗೇ ಅಂದ್ರೆ? ಸುಮ್ನೆ ಮನೇಲೇನಾ?"

"ಮನೇಲಲ್ಲ ರೀ, ಹಾಗಿ."

"ಅದೇ ಸಾರ್, ಹಾಗೇ ಎಲ್ಲಿಗೆ?"

ಎಲೆಯ ಮೇಲಿನ ಸಾರು ಆರುವವರೆಗೂ ಇದು ನಡೆಯಿತು. ಕೊನೆಗೆ ಆತ, ಮಾವನ ಕೆಲಸ ಹೋಗಿದೆಯೆಂದೇ ತಿಳಿದು, ನನ್ನನ್ನು ಪಕ್ಕಕ್ಕೆ ಕರೆದು ಸಮಾಧಾನ ಹೇಳಿದರು.

ಆ ಊರಿನ ಮಣ್ಣಿನ ಬಟ್ಟಲು ಬಲು ಹೆಸರುವಾಸಿಯಂತೆ. ಮಾವ ಒಂದನ್ನು ತರಿಸಿ, ಪಕ್ಕದ ಮನೆಯ ಸ್ವೀಡಿಷ್ ಅಜ್ಜಿಯನ್ನು ಫೀಕಾಗೆ, ಅಂದರೆ ಇಲ್ಲಿಯವರ ಕಾಫಿ-ಹರಟೆಗೆ, ಕರೆದು, ಅದರಲ್ಲಿ ಫಿಲ್ಟರ್ ಕಾಫಿ ಕೊಟ್ಟರು. ಬಟ್ಟಲು ತಳದಿಂದ ಒಸರಿ ಅಜ್ಜಿಯ ಬಿಳಿ ಪ್ಯಾಂಟಿಗೆ ಕಾಫಿ ಕುಡಿಸಿತು. ಹೊಸದರಲ್ಲಿ ಹೀಗೆಯೇ, ಕುಡಿಯುತ್ತಾ ಕುಡಿಯುತ್ತಾ ಬಿರುಕು ಮುಚ್ಚಿಕೊಂಡು ಬಣ್ಣವೂ ತಿರುಗುತ್ತದೆ ಎಂದು ಮಾವ ಹೆಮ್ಮೆಯಿಂದ ವಿವರಿಸಿದರು. ಅಜ್ಜಿ "ಇಂಟ್ರೆಸ್ಸಾಂತ್" ಎಂದರು. ಆಸಕ್ತಿಕರ ಎಂದು ಅರ್ಥ. ಇನ್ನು ಈ ಮನೆಗೆ ಕಾಲಿಡುವುದಿಲ್ಲ ಎಂದು ಭಾವಾರ್ಥ.

ಆ ಊರೇ ಯಾಕೆ ಎಂದು ಕಳೆದ ಭಾನುವಾರ ನಾನು ಕೇಳಿಯೇಬಿಟ್ಟೆ. ಮಾವ ಒಂದು ನಕ್ಷೆ ಹರಡಿದರು.

"ಎರಡು ಹೊಳೆ ಮಧ್ಯೆ ಊರು, ಆಚೆ ಸಮುದ್ರ. ಇಲ್ಲಿ ಹಳೇ ಕೋಟೆ. ಮಣ್ಣಿನ ಗೋಡೆ ಮೇಲಿಂದ ಕಿತ್ತಳೆ ಇಣುಕ್ತಿರತ್ತೆ. ಶತ್ರುಗಳಿಗೆ ದಿಕ್ಕು ತಪ್ಲಿ ಅಂತ ಬೀದಿಗಳನ್ನೇ ಸೊಟ್ಟಗೆ ತಿರುಗ್ಸಿದಾರೆ ನೋಡು."

"ಶತ್ರುಗಳು ಹಾಳಾಗಿ ಹೋಗ್ಲಿ, ಅತ್ತೆ ಗತಿ ಏನು ಮಾವ? ಕಣ್ಣು ಮಂಜಾದೋರನ್ನ ಅಲ್ಲಿಗ್ಯಾಕೆ? ಆರಾಮಾಗಿ ಪ್ಯಾರಿಸ್ ತೋರ್ಸಿ."

ಮಾವ ನಕ್ಷೆಯ ಮೇಲೆ ಕೈಯಾಡಿಸಿದರು.

"ಈ ನಕ್ಷೆ ರಾಜರ ಕಾಲದ್ದು ಕಣೋ. ಇವತ್ತಿಗೂ ಇದನ್ನೇ ಹಿಡ್ಕೊಂಡು ಅಲ್ಲಿ ಓಡಾಡ್ಬೋದಂತೆ. ಬೇರೆ ಊರು ತೋರ್ಸಿದ್ರೆ ನಾಳೆ ಅದು ಬದಲಾಗ್ಬಿಡತ್ತೆ, ಅವಳು ನೋಡಿದ್ದೆಲ್ಲ ಸುಳ್ಳಾಗತ್ತೆ. ಕಣ್ಣು ಹೋದ್ಮೇಲೆ ಅವಳು ಮನಸ್ಸಲ್ಲೇ ಒಂದು ಬೀದೀಲಿ ನಡೀತಿದ್ರೆ, ಆ ಬೀದಿ ಎಲ್ಲೋ ಒಂದ್ ಕಡೆ ನಿಜವಾಗ್ಲೂ ಇರ್ಬೇಕು."

ನನಗೆ ಅಳು ಬಂತು. ಅಡಿಗೆಮನೆಯಲ್ಲಿ ಅತ್ತೆ ಬೆರಳಿನಿಂದ ತಡವುತ್ತಾ ಹುರುಳಿಕಾಯಿಯ ನಾರು ತೆಗೆಯುತ್ತಿದ್ದರು. ಕೈ ನಿಂತಿತು.

"ರೀ," ಎಂದರು, "ನನ್ನ ಪಾಸ್‌ಪೋರ್ಟ್ ಎಲ್ಲಿದೆ ನೋಡಿ."