ಮಾಸ್ಟರ್ ಹೊಲಿದ ದೋಣಿ

"ಮನುಷ್ಯರ ಮೈ ಮೇಲೆ ಬಟ್ಟೆ ಕೂರಿಸಿದವನಿಗೆ ನೀರಿನ ಮೇಲೆ ಮರ ಕೂರಿಸೋದು ಯಾವ ಲೆಕ್ಕ?"

ಟೇಲರ್ ಮಾಸ್ಟರ್ ಹೀಗೆ ಘೋಷಿಸಿದ್ದು ಊಟದ ಮಧ್ಯೆ, ಕೈಯಲ್ಲಿನ ತುತ್ತನ್ನು ಗದೆಯಂತೆ ಎತ್ತಿ ಹಿಡಿದು, ಹೆಂಡತಿಯ ತಮ್ಮನ ಎದುರು. ಆ ಭಾವಮೈದ ಹೊಸದಾಗಿ ಪ್ಲಾಸ್ಟಿಕ್ ಕಯಾಕ್ ಕೊಂಡಿದ್ದ. ಕಯಾಕ್ ಅಂದರೆ ಒಬ್ಬರೇ ಕಾಲು ಚಾಚಿ ಕೂತು ಹುಟ್ಟು ಹಾಕುವ ಸಪೂರ ದೋಣಿ. ಮೇಲೆಲ್ಲ ಮುಚ್ಚಿದ್ದು, ನಡುವೆ ಕೂರಲು ಒಂದೇ ಒಂದು ಬಾಯಿ. ಅದರ ಫೋಟೋ ನೋಡಿ ಮಾಸ್ಟರ್ ಮೂಗು ಮುರಿದರು. "ರೆಡಿಮೇಡು," ಎಂದರು. ಅವರ ಬಾಯಲ್ಲಿ ಅದಕ್ಕಿಂತ ದೊಡ್ಡ ಬೈಗುಳವಿಲ್ಲ.

ಹಳೇ ಗಾಯವೊಂದಿತ್ತು. ಟೇಲರ್ ಭಾವನನ್ನು ಮನೆಯಲ್ಲೇ ಇಟ್ಟುಕೊಂಡು ಈ ಪುಣ್ಯಾತ್ಮ ತನ್ನ ಮದುವೆಗೆ ಸೂಟನ್ನು ಅಂಗಡಿಯಿಂದ ತಂದಿದ್ದ!

"ಹಾಗಾದ್ರೆ ನೀವೇ ಒಂದು ಮಾಡಿ ತೋರಿಸಿ ಭಾವ," ಅಂದ ಅವನು. "ಕೆರೇಲಿ ಅದು ನನ್ನ ದೋಣೀನ ಹಿಂದೆ ಹಾಕಿದ್ರೆ, ಇನ್ಮೇಲೆ ನನ್ನ ಬಟ್ಟೆ ಎಲ್ಲಾ ನಿಮ್ಮ ಹತ್ರಾನೇ."

ಅಷ್ಟೇ ಸಾಕಾಯಿತು. ಮರುದಿನವೇ ಹಾಲ್‌ನಲ್ಲಿದ್ದ ಸೋಫಾ ಅಂಗಳಕ್ಕೆ ವಲಸೆ ಹೋಯಿತು. ಆ ಜಾಗದಲ್ಲಿ, ಇಂಟರ್ನೆಟ್ಟಿನಿಂದ ಇಳಿಸಿಕೊಂಡ ನಕ್ಷೆಯಂತೆ, ಅಡ್ಡ ಹಲಗೆಗಳ ಅಚ್ಚು ನಿಂತಿತು. ಬೆರಳಗಲದ ತೆಳು ಮರದ ಪಟ್ಟಿಗಳು ಒಂದಕ್ಕೊಂದು ಅಂಟಿಕೊಂಡು, ಅಚ್ಚಿನ ಮೇಲೆ ಬಾಗುತ್ತ ಬಳುಕುತ್ತ ದೋಣಿಯ ಮೈಯಾದವು. ಅಂಟು ಒಣಗುವ ತನಕ ಪಟ್ಟಿಗಳನ್ನು ಕಚ್ಚಿ ಹಿಡಿಯಲು ಮನೆಯ ಬಟ್ಟೆ ಕ್ಲಿಪ್ಪುಗಳೆಲ್ಲ ದೋಣಿ ಸೇರಿದವು, ಬಟ್ಟೆಗಳೆಲ್ಲ ಗಾಳಿಗೆ ಹಾರಿ ಪಕ್ಕದ ಮನೆ ಸೇರಿದವು. ಕೊನೆಗೆ ಮರದ ಮೇಲೆ ಗಾಜಿನ ನಾರಿನ ಬಟ್ಟೆ ಹೊದಿಸಿ ಅಂಟು ಬಳಿಯುವ ಹಂತ ಬಂದಾಗ ಮಾಸ್ಟರಿಗೆ ಆನಂದಬಾಷ್ಪ.

"ನೋಡೇ, ದೋಣಿಗೂ ಬಟ್ಟೆ ಬೇಕು."

"ಅದಕ್ಕಾದ್ರೂ ಇದೆ. ನನ್ನ ನೈಟಿ ಯಾರ ಮನೇಲಿದೆಯೋ ಗೊತ್ತಿಲ್ಲ," ಅಂದಳು ಹೆಂಡತಿ.

ಇನ್ನುಳಿದದ್ದು ಕೂರುವ ಬಾಯಿ. ನಕ್ಷೆಯಲ್ಲಿ ಅದು ಧಾರಾಳವಾಗಿತ್ತು. ಮಾಸ್ಟರ್ ಕೆರಳಿದರು. "ಇದನ್ನ ಬರೆದವನು ಯಾವ ದಡೂತಿಯೋ! ಇಷ್ಟು ದೊಗಳೆ ಹೊಲಿದ್ರೆ ಗಿರಾಕಿ ಮುಖದ ಮೇಲೆ ಎಸೀತಾನೆ. ಟೇಪು ತಗೋ, ನನ್ನ ಅಳತೆಗೆ ಕೂರಿಸೋಣ."

ಟೇಪು ಕಂಡೊಡನೆ ಹೊಟ್ಟೆ ಒಳಗೆಳೆದುಕೊಳ್ಳುವುದು ಮನುಷ್ಯಕುಲದ ಜಾಯಮಾನ. ಅದನ್ನು ಮಾಸ್ಟರಿಗಿಂತ ಚೆನ್ನಾಗಿ ಬಲ್ಲವರಿಲ್ಲ. ಗಿರಾಕಿಗಳ ಆ ಸುಳ್ಳಿಗೆ ಅವರು ಸದ್ದಿಲ್ಲದೆ ಎರಡು ಬೆರಳು ಸೇರಿಸಿಯೇ ಕತ್ತರಿ ಹಾಕುತ್ತಿದ್ದರು. ಆದರೆ ಈಗ ಟೇಪಿನ ಆ ಕಡೆ ಹೆಂಡತಿ ಇದ್ದಳು, ಗಂಡಸಿಗೆ ಮಾನ ಅಂತ ಒಂದಿರುತ್ತದಲ್ಲ.

"ರೀ, ಉಸಿರು ಬಿಡಿ."

"ಬಿಟ್ಟೇ ಇದೀನಿ."

"ಮುಖ ಕೆಂಪಾಗ್ತಿದೆ."

"ಅದು ಉತ್ಸಾಹ. ನಂಬರ್ ಬರ್ಕೋ."

ಬರೆದುಕೊಂಡಳು. ಬಾಯಿ ಕೊರೆದಾಯಿತು. ಸುತ್ತ ಗಟ್ಟಿ ಅಂಚು ಕಟ್ಟಿದ್ದೂ ಆಯಿತು. ಇಷ್ಟಕ್ಕೆ ಸುಮ್ಮನಿರದೆ ಮಾಸ್ಟರ್, ಕುಳಿತಾಗ ನೋಯಬಾರದೆಂದು, ಹಿಂಬದಿಗೆ ಸ್ಪಂಜು ತುಂಬಿದ ವಿಶೇಷ ಪ್ಯಾಂಟನ್ನೂ ಹೊಲಿದರು. ಆ ಸ್ಪಂಜಿಗೂ ಜಾಗ ಬೇಕೆಂಬುದು ಆ ಮಹಾನ್ ತಲೆಗೆ ಹೊಳೆಯಲೇ ಇಲ್ಲ.

ಭಾನುವಾರ ಬೆಳಿಗ್ಗೆ ದೋಣಿಯನ್ನು ಕೆರೆಗೆ ಒಯ್ಯಲು ಭಾವಮೈದ ಕಾರು ತರುವವನಿದ್ದ. ಅದಕ್ಕೆ ಮುಂಚೆ ಒಂದು ಟ್ರಯಲ್ ಆಗಲಿ ಎಂದು ಮಾಸ್ಟರ್ ಸ್ಪಂಜಿನ ಪ್ಯಾಂಟು ತೊಟ್ಟು, ಉಸಿರು ಬಿಗಿಹಿಡಿದು, ಹಾಲ್‌ನಲ್ಲೇ ದೋಣಿಯೊಳಗೆ ಇಳಿದರು. ಹೇಗೋ ಜಾರಿ ಕೂತರು. ತೃಪ್ತಿಯಿಂದ ಉಸಿರು ಬಿಟ್ಟರು. ಕೆಟ್ಟಿದ್ದು ಅಲ್ಲೇ!

"ಆಯ್ತಲ್ಲ, ಏಳಿ," ಅಂದಳು ಹೆಂಡತಿ.

"ಸ್ವಲ್ಪ ಹೊತ್ತು ಕೂತಿರ್ತೀನಿ."

"ಸಿಕ್ಕಾಕೊಂಡ್ರಾ?"

"ಚೆನ್ನಾಗಿ ಕೂತಿದೆ ಅಂತ."

ಎದ್ದರೆ ದೋಣಿಯೂ ಜೊತೆಗೇ ಏಳುತ್ತಿತ್ತು. ಸೋಪಿನ ನೀರು ಸುರಿದಳು. ಸ್ಪಂಜು ಅದನ್ನು ಕುಡಿದು ಇನ್ನಷ್ಟು ಉಬ್ಬಿತು. ಹೊಲಿಗೆ ಮಷೀನಿನ ಎಣ್ಣೆ ಬಿಟ್ಟಳು. ಮಾಸ್ಟರ್ ಗಾಣದಿಂದ ಬಂದವರಂತೆ ಹೊಳೆದರು, ಅಷ್ಟೇ. ಕೊನೆಗೆ ಅವಳು ಗರಗಸ ತಂದಾಗ ಅವರು ದೋಣಿಯನ್ನು ಎರಡೂ ಕೈಯಲ್ಲಿ ತಬ್ಬಿಕೊಂಡರು. "ಬೇಕಾದ್ರೆ ನನ್ನ ಕೊಯ್ಯಿ."

"ಹೊಲಿಗೆ ಬಿಚ್ಚಿ ದೊಡ್ಡದು ಮಾಡೋಣ ಅಂದ್ರೆ, ಒಳಗೆ ಬಟ್ಟೆ ಬಿಟ್ಟಿದೀರಾ?"

ಹೊರಗೆ ಕಾರಿನ ಹಾರ್ನ್ ಕೇಳಿಸಿತು.

ಅವಳು ಗರಗಸ ಬಿಸಾಕಿ ಅಂಗಡಿಯ ದೊಡ್ಡ ಕತ್ತರಿ ತಂದಳು. ಪ್ಯಾಂಟಿಗೆ ಕತ್ತರಿ ಬಿದ್ದಾಗ ಮಾಸ್ಟರ್ ಕಣ್ಣು ಮುಚ್ಚಿದರು. ತಾವೇ ಹಾಕಿದ ಹೊಲಿಗೆ! ಒದ್ದೆ ಸ್ಪಂಜು ಒಂದೊಂದೇ ತುಂಡಾಗಿ ಹೊರಬಂತು. ಅಷ್ಟರಲ್ಲಿ ಒಳಗೆ ಬಂದ ಭಾವಮೈದ ಒಂದು ಕ್ಷಣ ನಿಂತು ನೋಡಿದ, ಏನೂ ಕೇಳದೆ ಭಾವನ ಕಂಕುಳಿಗೆ ಕೈ ಹಾಕಿದ. ಅಕ್ಕ ದೋಣಿ ಹಿಡಿದಳು, ತಮ್ಮ ಭಾವನನ್ನು ಎಳೆದ. ಮಾಸ್ಟರ್ ಪಟ್ಟೆಪಟ್ಟೆ ಚಡ್ಡಿಯಲ್ಲಿ ಭೂಮಿಗೆ ಅವತರಿಸಿದರು. ದೋಣಿಗೆ ಒಂದು ಗೀರೂ ಬೀಳಲಿಲ್ಲ.

ಭಾವಮೈದ ದೋಣಿಯ ಮೈ ಸವರಿದ. "ಭಾವ, ಸುಮ್ನೆ ಹೇಳ್ತಿಲ್ಲ, ತುಂಬಾ ಚೆನ್ನಾಗಿದೆ. ಆದ್ರೆ ಓಡಿಸೋರು ಯಾರು?"

ಮಾಸ್ಟರ್ ಟವೆಲ್ ಸುತ್ತಿಕೊಂಡು ನೆಲ ನೋಡುತ್ತಿದ್ದರು. ಇಷ್ಟೆಲ್ಲ ಮಾಡಿ, ಸೋತಂತೆಯೇ ಸರಿ. ಸ್ಪಂಜಿಲ್ಲದಿದ್ದರೂ ಉಸಿರು ಬಿಗಿಹಿಡಿದು ಹುಟ್ಟು ಹಾಕಲಾದೀತೇ? ಅವರ ಮುಖ ನೋಡಿದ ಹೆಂಡತಿ ದುಪಟ್ಟಾ ಸೊಂಟಕ್ಕೆ ಸಿಕ್ಕಿಸಿದಳು.

"ನಡಿ, ಕಾರಿಗೇರಿಸು. ನಾನು ಕೂರ್ತೀನಿ."

ಕೆರೆಯಲ್ಲಿ ಅವಳು ಚೂಡಿದಾರದಲ್ಲಿ ದೋಣಿಗಿಳಿದದ್ದು ಗುಂಡಿ ಕಾಜಕ್ಕೆ ಇಳಿದಷ್ಟು ಸಲೀಸು. ನಾಲ್ಕು ಸಲ ಹುಟ್ಟು ಹಾಕುವಷ್ಟರಲ್ಲಿ ಕೈ ಪಳಗಿತು. ಮರದ ದೋಣಿ ನೀರನ್ನು ಹೊಸ ಬಟ್ಟೆಯಂತೆ ನೇರ ಸೀಳಿಕೊಂಡು ಹೊರಟಿತು. ಪ್ಲಾಸ್ಟಿಕ್ ದೋಣಿ ಹಿಂದೆ ಬಿತ್ತು. ದಡದಲ್ಲಿ ಮಾಸ್ಟರ್ ಹೆಂಡತಿಯ ಚಪ್ಪಲಿ ಎತ್ತಿ ಹಿಡಿದು ಕುಣಿದರು. "ನಾನು ಮಾಡಿದ್ದು! ಅದು ನಾನು ಮಾಡಿದ್ದು!" ಎಂದು ವಾಕಿಂಗಿಗೆ ಬಂದವರನ್ನೆಲ್ಲ ಹಿಡಿದು ನಿಲ್ಲಿಸಿದರು.

ಗೆದ್ದ ಹೆಂಡತಿ ದಡಕ್ಕೆ ಬಂದಳು. ಸೋತ ಭಾವಮೈದ ಹಿಂದೆಯೇ ಬಂದ. ನಾಲ್ಕು ಜನ ಸುತ್ತ ನೆರೆದಿದ್ದರು. ಮಾಸ್ಟರ್ ಎದೆ ಉಬ್ಬಿಸಿ, ಎಲ್ಲರಿಗೂ ಕೇಳುವಂತೆ, "ಹೇಳು, ಹೇಗಿದೆ?" ಎಂದರು.

ಅವಳು ದೋಣಿಯಲ್ಲಿ ಕೂತಂತೆಯೇ ಆ ಪಕ್ಕ ಈ ಪಕ್ಕ ಕೈ ತೂರಿಸಿ ನೋಡಿಕೊಂಡಳು.

"ಚೆನ್ನಾಗಿದೆ ರೀ. ಸೊಂಟದ ಹತ್ರ ಮಾತ್ರ ಸ್ವಲ್ಪ ಲೂಸು. ಒಂದು ಹೊಲಿಗೆ ಹಿಡಿದು ಕೊಡ್ತೀರಾ?"