ಪಾಸ್‌ವರ್ಡ್ ಫೈಲಿನ ಮರ್ಯಾದೆ

ಯಂತ್ರ ತಾನಾಗಿ ಕೆಡುವುದು ಅಪರೂಪ. ಅದರ ಹತ್ತಿರ ಮನುಷ್ಯರು ಬಂದರೆ ಮಾತ್ರ ನನಗೆ ದಿನಕ್ಕೊಂದು ಪ್ರಸಂಗ ಗ್ಯಾರಂಟಿ. ರೋಣದ ಅಂಗಡಿಯೊಂದರಲ್ಲಿ ಫ್ಯಾನ್ ರಿಪೇರಿ ಮಾಡಿಕೊಂಡಿದ್ದ ನನ್ನನ್ನು ಮಾಲಕರು ಕಾಲೇಜುಗಳ ವೈಫೈ ಕೆಲಸಕ್ಕೆ ಹಾಕಿದರು. ಕೆಲಸ ಇಷ್ಟೇ: ಒಂದು ಸರ್ವರ್ ಕೂಡಿಸಿ, ಅದರ ಫೈಲಿನಲ್ಲಿ ಸಾಲಿಗೊಬ್ಬರಂತೆ ಹೆಸರು, ಪಾಸ್‌ವರ್ಡ್ ಬರೆಯಬೇಕು. ಫೈಲಿನಲ್ಲಿದ್ದವರನ್ನು ಅದು ಒಳಗೆ ಬಿಡುತ್ತದೆ, ಇಲ್ಲದವರನ್ನು ಬಿಡುವುದಿಲ್ಲ.

“ಮೂರು ಕಾಲೇಜಿಂದ ‘ಕೆಲಸ ಚಲೋ ಆಗೇತಿ’ ಅಂತ ಪತ್ರ ತರಬೇಕು ನೋಡು. ಒಂದು ತಪ್ಪಿದ್ರೂ ವಾಪಸ್ ಫ್ಯಾನಿಗೆ” ಎಂದರು ಮಾಲಕರು.

೧. ರೋಣದ ಶ್ರೀ

ಹೆಸರುಗಳನ್ನು ಅಕ್ಷರಗಳ ಕ್ರಮದಲ್ಲಿ ಬರೆದಿದ್ದೆ. ಕಾಲೇಜಿನ ಅಧ್ಯಕ್ಷರು ನೋಡಿ ಕೆಂಡವಾದರು. “ನನ್ನ ಹೆಸರು ಸಿಪಾಯಿ ಕೆಳಗ ಐತಲ್ಲೋ! ಅದೂ ಬೋಳು ಹೆಸರು!”

ಮೇಲಕ್ಕೆ ತಂದು ‘ಶ್ರೀ’ ಸೇರಿಸಿದೆ. ಮರುದಿನ ಅವರದೇ ಫೋನು. “ಎಲ್ಲಾರನ್ನೂ ಬಿಡತೈತಿ, ನನ್ನನ್ನಷ್ಟ ಬಿಡವಲ್ದು!”

“ಹೆಸರಿಗೆ ಶ್ರೀ ಹಚ್ಚಿ ಹೊಡೀರಿ ಸರ.”

“ನನಗ ನಾನ ಶ್ರೀ ಹ್ಯಾಂಗ ಅಂದ್ಕೊಳ್ಳಲಿ? ನಾಚಿಕಿ ಬರೂದಿಲ್ಲೇನು?”

ಈಗ ಅವರ ಶ್ರೀಯನ್ನು ದಿನಾ ಆ ಸಿಪಾಯಿಯೇ ಬಂದು ಹೊಡೆದುಕೊಡುತ್ತಾನೆ. ಪತ್ರವಂತೂ ಸಿಕ್ಕಿತು.

೨. ನರಗುಂದದ ಗುಟ್ಟು

ಪಾಸ್‌ವರ್ಡ್ ಯಾರಿಗೂ ಗೊತ್ತಾಗಬಾರದು ಎಂದು ಹತ್ತು ಸಲ ಹೇಳಿ, ಪಟ್ಟಿಯನ್ನು ಹೆಡ್ ಕ್ಲಾರ್ಕರ ಕೈಗೆ ಕೊಟ್ಟು ಬಂದೆ. ಆ ಆಫೀಸಿನಲ್ಲಿ ಸಹಿಯಿಲ್ಲದೆ ಸೀಮೆಸುಣ್ಣವನ್ನೂ ಕೊಡುವುದಿಲ್ಲ. ಅವರು ಪಟ್ಟಿಯ ಮೇಲೆ ಕೆಂಪು ಶಾಯಿಯಲ್ಲಿ ‘ಗುಪ್ತ’ ಎಂದು ಬರೆದು, ಅದನ್ನು ಎಲ್ಲರ ಮುಂದೆ ಹಿಡಿದು, ಅವರವರ ಪಾಸ್‌ವರ್ಡಿನ ಎದುರು ಸಹಿ ಪಡೆದು, ಕಪಾಟಿನಲ್ಲಿಟ್ಟು ಕೀಲಿ ಹಾಕಿದರು.

ನಾನು ಎರಡನೆಯ ಪತ್ರ ಪಡೆದು ಹೊರಡುವಾಗ, ರಜೆ ಮುಗಿಸಿ ಬಂದ ಮಾಸ್ತರರೊಬ್ಬರು ಜಗಳ ತೆಗೆದಿದ್ದರು. “ನನ್ನ ಪಾಸ್‌ವರ್ಡ್ ಇಡೀ ಕಾಲೇಜಿಗೆ ಗೊತ್ತೈತ್ರಿ. ಗೊತ್ತಿಲ್ಲದಾಂವ ನಾ ಒಬ್ಬನ!”

೩. ಗಜೇಂದ್ರಗಡದ ಒಡಪು

ಪರೀಕ್ಷೆಯ ಅರ್ಜಿ ಕಳಿಸಲು ಅಂದೇ ಕೊನೆ, ಐದು ಗಂಟೆಯವರೆಗೆ. ಅಲ್ಲಿನ ಸೂಪರಿಂಟೆಂಡೆಂಟ್ ಮೇಡಮ್ ಆಫೀಸಿನ ಫೋನಿನಿಂದ ನಮ್ಮ ಅಂಗಡಿಗೆ ಕರೆ ಮಾಡಿದರು. “ಒಳಗ ಬಿಡವಲ್ದು ನೋಡಪಾ.”

ತಪ್ಪು ನನ್ನದೇ. ರೋಣದಲ್ಲಿ ಕುಳಿತು ಫೈಲ್ ತಿದ್ದುವಾಗ ಅವರ ಸಾಲನ್ನೇ ಅಳಿಸಿಬಿಟ್ಟಿದ್ದೆ. ಪಕ್ಕದಲ್ಲಿ ಮಾಲಕರು ಕಿವಿಗೊಟ್ಟು ಕೂತಿದ್ದರು. ಫ್ಯಾನುಗಳು ನನ್ನನ್ನೇ ಕರೆಯುತ್ತಿವೆ ಅನಿಸಿತು.

“ಪಾಸ್‌ವರ್ಡ್ ಹೇಳ್ರಿ ಮೇಡಮ್, ಮತ್ತ ಬರೀತೀನಿ.”

“ಅವತ್ತ ನನ್ನ ಕೈಲೆ ಹೊಡದಿದ್ದೆ, ಅದನ್ನ ಬಾಯಿ ಬಿಟ್ಟು ಹೇಳಾಕ ಬರೂದಿಲ್ಲ. ನಮ್ಮ ಮನಿಯವ್ರ ಹೆಸರ ಐತಿ.”

“ಹಂಗಾರ ಬ್ಯಾರೇ ಹೆಸರ ಇಡೋಣೇನ್ರಿ?”

“ಬ್ಯಾರೇದವ್ರ ಹೆಸರ ನಾ ಯಾಕ ಇಡ್ಲಿ?”

ಐದಕ್ಕೆ ಇನ್ನು ಹತ್ತೇ ನಿಮಿಷ. ಅತ್ತ ಆಫೀಸಿನ ಹೆಂಗಸರೆಲ್ಲ “ಒಡಪು ಹಾಕ್ರಿ!” ಎಂದು ಕೂಗಿದರು. ಗಂಡನ ಹೆಸರನ್ನು ಪ್ರಾಸದಲ್ಲಿ ಕೂಡಿಸಿ ಹೇಳಿದರೆ ನಮ್ಮ ಕಡೆ ತಪ್ಪಿಲ್ಲ. ಮೇಡಮ್ ಗಂಟಲು ಸರಿಮಾಡಿಕೊಂಡರು.

“ಕರೀ ಹೊಲದಾಗ ಬೆಳದೈತಿ ಹಸರ ಕಡ್ಲಿ,
ಮಲ್ಲಪ್ಪನವರ ಹೆಸರ ನಾ ಹ್ಯಾಂಗ ಬಿಡ್ಲಿ!”

ಚಪ್ಪಾಳೆ ಬಿತ್ತು. ನಾನು ಗಡಿಬಿಡಿಯಲ್ಲಿ ‘ಮಲ್ಲಪ್ಪ’ ಎಂದು ಬರೆದು ಸರ್ವರನ್ನು ಬಂದ್ ಮಾಡಿ ಚಾಲೂ ಮಾಡಿದೆ. ಆದರೂ ಬಿಡಲಿಲ್ಲ.

“ನೀ ಏನಂತ ಬರದಿ?”

“ಮಲ್ಲಪ್ಪ ಅಂತ್ರಿ.”

“ಬರೇ ಹಂಗ ಬೋಳು ಹೆಸರೇನು?” ಎಂದರು ಮೇಡಮ್. ನನಗೆ ರೋಣದ ಶ್ರೀ ನೆನಪಾಯಿತು. ಕೂಡಲೇ ‘ನವರು’ ಸೇರಿಸಿ ಮತ್ತೆ ಚಾಲೂ ಮಾಡಿದೆ. ಬಾಗಿಲು ತೆರೆಯಿತು. ಐದಕ್ಕೆ ಎರಡು ನಿಮಿಷವಿರುವಾಗ ಕೊನೆಯ ಅರ್ಜಿಯೂ ಹೋಯಿತು.

ಮೂರನೆಯ ಪತ್ರ ಬಂತು. ಮಾಲಕರು ಅಂಗಡಿಯಲ್ಲಿ ನಿಂತು ಗಟ್ಟಿಯಾಗಿ ಓದಿದರು: “ಕೆಲಸ ತೃಪ್ತಿಕರವಾಗಿದೆ. ತಮ್ಮ ಕೆಲಸಗಾರನು ನಮ್ಮ ಯಜಮಾನರನ್ನು ಮೊದಲು ಏಕವಚನದಲ್ಲಿ ಬರೆದಿದ್ದು, ಕೂಡಲೇ ತಿದ್ದಿಕೊಂಡ ಕಾರಣ ಮನ್ನಿಸಲಾಗಿದೆ.”