ಮಾಪಣ್ಣನ ಜೀಪಿನ ಮೂಗು

ಜೀಪಿಗೂ ಒಂದು ಮೂಗಿದೆ ಎಂಬುದು ಆ ಕಾಲದ ಕಲಬುರ್ಗಿಯಲ್ಲಿ ಮೂರು ಮತ್ತೊಂದು ಜನಕ್ಕೆ ಗೊತ್ತಿತ್ತು. ಅವರಲ್ಲಿ ರಸ್ತೆ ಇಲಾಖೆಯ ಹಂಗಾಮಿ ಡ್ರೈವರ್ ಮಾಪಣ್ಣನೂ ಒಬ್ಬ. ಬಾನೆಟ್ಟಿನ ಕೆಳಗೆ ಒಂದು ತಗಡಿನ ಡಬ್ಬಿ, ಅದಕ್ಕೊಂದು ಬಾಯಿ. ಎಂಜಿನ್ನು ಉಸಿರೆಳೆಯುವುದು ಅಲ್ಲಿಂದ. ಗಾಳಿ ಎಷ್ಟು ಬೇಕಾದರೂ ಹೋಗಲಿ, ನೀರು ಕೆಸರು ಹೋದರೆ ಮಾತ್ರ ಜೀಪು ಅಲ್ಲೇ ಕೆಮ್ಮಿ ಕಣ್ಣು ಮುಚ್ಚುತ್ತದೆ.

ಪೊಲೀಸ್ ಆಕ್ಷನ್ ಮುಗಿಸಿ ಹೊರಟ ಫೌಜಿನವರು ಬಿಟ್ಟುಹೋದ ಜೀಪು ಅದು. ಹೋದ ವಾರ ನಂದೂರಿನ ದಾರಿಯ ಸಣ್ಣ ಹಳ್ಳವೊಂದರಲ್ಲಿ ಮೂಗಿನ ತುಂಬ ನೀರು ಕುಡಿದು ನಿಂತುಬಿಟ್ಟಿತ್ತು. ಇಂಜಿನಿಯರ್ ಮುಕುಂದರಾಯರು ಎಮ್ಮೆಯ ಬೆನ್ನೇರಿ ದಡ ಸೇರಿದರು. ಕಚೇರಿಯವರು ಮೂರು ದಿನ ಫೈಲಿನ ಮರೆಯಲ್ಲಿ ನಕ್ಕರು. ನಾಲ್ಕನೆಯ ದಿನ ಬೆಳಗಾಗುತ್ತಲೇ ರಾಯರು ಮಾಪಣ್ಣನನ್ನು ಮನೆಗೆ ಕರೆಸಿದರು.

"ಇವತ್ತ ಕಮಲಾಪುರಕ್ಕ ಹೋಗೋದದ. ನನ್ನ ಬೂಟಿಗೆ ಒಂದು ಹನಿ ನೀರು ಹತ್ತಲಾರದಂಗ ಅಲ್ಲಿ ಹಳ್ಳ ದಾಟಿಸಿದಿ ಅಂದ್ರ, ನಿನ್ನ ನೌಕರಿ ಖಾಯಂ ಮಾಡ್ರಿ ಅಂತ ಬರೀತೀನಿ. ನಡುವ ನಿಂತ್ತು ಅಂದ್ರ, ನೀ ಅಲ್ಲಿಂದನೇ ಮನಿಗೆ ಹೋಗು."

ಎರಡು ವರ್ಷದಿಂದ ಖಾಯಂ ಎಂಬ ಆ ಒಂದು ಮಾತಿಗಾಗಿ ಮಾಪಣ್ಣ ಬಾಯಿ ಬಿಟ್ಟುಕೊಂಡು ಕೂತಿದ್ದ. ಕಮಲಾಪುರದಲ್ಲಿ ಏನು ಕೆಲಸ ಎಂದು ಅವನು ಕೇಳಲಿಲ್ಲ. ದೊಡ್ಡವರ ಕಾಗದಪತ್ರ ಡ್ರೈವರನಿಗೆ ಯಾಕೆ? ಎರಡು ತಾಸು ಟೈಮು ಕೇಳಿಕೊಂಡು ಜೀಪನ್ನು ನೇರವಾಗಿ ಬಜಾರಿಗೆ, ತಗಡಿನ ಕೆಲಸದ ಇಮಾಮುದ್ದೀನನ ಅಂಗಡಿಯ ಮುಂದೆ ತಂದು ನಿಲ್ಲಿಸಿದ.

ಮಾಪಣ್ಣನ ಯೋಚನೆ ಸರಳವಾಗಿತ್ತು. ಮೂಗು ತಗ್ಗಿನಲ್ಲಿದ್ದರೆ ತಾನೆ ನೀರು ಹೋಗುವುದು? ಅದಕ್ಕೊಂದು ಕೊಳವೆ ಕೂಡಿಸಿ, ಬಾನೆಟ್ಟಿನ ಪಕ್ಕದಿಂದ ಎರಡು ಮೊಳ ಮೇಲಕ್ಕೆ ಎತ್ತಿಬಿಟ್ಟರೆ ಮುಗಿಯಿತು. ಇಮಾಮುದ್ದೀನ್ ತಗಡು ಸುತ್ತಲು ಕೂತ. ಅಷ್ಟರಲ್ಲಿ ಅರ್ಧ ಬಜಾರು ಅಲ್ಲಿ ನೆರೆಯಿತು. ಇದು ಜೀಪಿನ ಹುಕ್ಕಾ ಎಂದು ಒಬ್ಬ. ಅಲ್ಲ, ಸರಕಾರದವರು ಹೊಸದಾಗಿ ತಂದ ಭೋಂಗಾ, ಇದರಲ್ಲಿ ಡಂಗುರ ಸಾರುತ್ತಾರೆ ಎಂದು ಇನ್ನೊಬ್ಬ. ಜೀಪನ್ನು ಹಿಂದುಮುಂದಾಗಿ ಓಡಿಸಿದರೆ ಕೊಳವೆಯೇ ಬೇಕಿಲ್ಲ ಎಂದು ಜನ್ಮದಲ್ಲಿ ಎತ್ತಿನ ಬಂಡಿ ಬಿಟ್ಟು ಬೇರೆ ಏರದ ಒಬ್ಬ ಮುದುಕ ತೀರ್ಪು ಕೊಟ್ಟ. ಮಾಪಣ್ಣ ಎಲ್ಲದಕ್ಕೂ ತಲೆಯಾಡಿಸಿದ.

ಕೊಳವೆ ಕೂಡಿಸಿಯಾಯಿತು. ಮಾಪಣ್ಣ ಬಗ್ಗಿ ಕೈ ತೊಳೆಯುವಷ್ಟರಲ್ಲಿ ಇಮಾಮುದ್ದೀನ್ ಒಂದು ಬಿಂದಿಗೆ ನೀರು ತಂದು ಕೊಳವೆಯ ಬಾಯಿಗೆ ಸುರಿದ.

"ಕೊಳವಿ ಅಂದ್ರ ನೀರು ಹಾಕಿ ನೋಡಬೇಕು ಭಾಯಿ," ಎಂದ ಅವನು ಹೆಮ್ಮೆಯಿಂದ. "ನಮ್ಮ ಅಬ್ಬಾನ ಕಾಲದಿಂದ ಇದು ದಸ್ತೂರ್. ನೋಡು, ಒಂದು ಹನಿ ಸೋರಿಲ್ಲ."

ಸೋರುವುದೆಲ್ಲಿಂದ ಬಂತು, ಬಿಂದಿಗೆಯಷ್ಟೂ ನೀರು ಜೀಪಿನ ಎದೆಗೇ ಇಳಿದಿತ್ತು. ಯಾವುದು ಹೋಗಬಾರದೆಂದು ಕೊಳವೆ ಮಾಡಿಸಿದ್ದನೋ ಅದೇ ಆ ಕೊಳವೆಯಿಂದ ಮೊದಲು ಒಳಗೆ ಹೋಗಿತ್ತು. ಮಾಪಣ್ಣನಿಗೆ ಅಳು ಬಂತು, ಆದರೆ ಅಳಲು ಪುರುಸೊತ್ತಿರಲಿಲ್ಲ. ಡಬ್ಬಿ ಬಿಚ್ಚಿ, ನೀರು ಚೆಲ್ಲಿ, ಒರೆಸಿ, ಧೂಳು ಹಿಡಿಯುವ ಹೊಸ ಎಣ್ಣೆ ತುಂಬಿ ಮತ್ತೆ ಕೂಡಿಸುವಷ್ಟರಲ್ಲಿ ಕೇಳಿಕೊಂಡ ಎರಡು ತಾಸು ಮುಗಿದುಹೋಯಿತು. ಇಮಾಮುದ್ದೀನ್ ಪಾಪ, ತಪ್ಪೊಪ್ಪಿಕೊಂಡು ಕೊಳವೆಯ ತುದಿಯನ್ನು ಊರುಗೋಲಿನ ಹಿಡಿಕೆಯಂತೆ ಹಿಂದಕ್ಕೆ ಬಗ್ಗಿಸಿ ಕೊಟ್ಟ. ಇನ್ನು ಯಾರೂ ಅದರಲ್ಲಿ ನೀರು ಸುರಿಯುವಂತಿರಲಿಲ್ಲ.

ಬ್ರಹ್ಮಪುರ ಓಣಿಯಲ್ಲಿ ರಾಯರ ಮನೆಯ ಮುಂದೆ ಅವರ ತಾಯಿ ಭಾಗೀರಥಿಬಾಯಿ ಬುತ್ತಿ ಹಿಡಿದು ನಿಂತಿದ್ದರು. ಜೀಪಿನ ಹೊಸ ಅವತಾರ ನೋಡಿ ಇದೇನೆಂದು ವಿಚಾರಿಸಿದರು. ಇದರೊಳಗೆ ನೀರಿನ ಪಸೆ ಹೋಗಬಾರದು ಎಂದು ಮಾಪಣ್ಣ ವಿನಯದಿಂದ ತಿಳಿಸಿದ. ಹಾಗಿದ್ದರೆ ಬಾಯಿ ಯಾಕೆ ತೆರೆದಿಟ್ಟಿದ್ದೀ ಎಂದು ಅವರು ಕೇಳಿದರು. ಉಸಿರು ಬೇಕಲ್ಲ ಎಂದು ಅವನು ಹೇಳುವ ಮೊದಲೇ ರಾಯರ ಟ್ರಂಕು ತರಲು ಒಳಗಿನಿಂದ ಕರೆ ಬಂತು. ನಲವತ್ತು ವರ್ಷ ಉಪ್ಪಿನಕಾಯಿ ಹಾಕಿ ಒಂದು ಭರಣಿಗೂ ಬೂಷ್ಟು ಬರಗೊಡದ ಕೈ ಭಾಗೀರಥಿಬಾಯಿಯವರದು. ಮಾಪಣ್ಣ ಟ್ರಂಕು ಹೊತ್ತು ತರುವಷ್ಟರಲ್ಲಿ ಅವರು ತಮ್ಮ ಕೆಲಸ ಮುಗಿಸಿ, ಮಗನಿಗೆ ಮೊಸರು ಸಕ್ಕರೆ ಕೊಡುತ್ತಿದ್ದರು.

ಜೀಪು ಹೊರಟಿತು. ಊರು ದಾಟುವಾಗಲೇ ಅದಕ್ಕೆ ಏದುಸಿರು. ತಾಜಸುಲ್ತಾನಪುರದ ಹತ್ತಿರ ಕಪ್ಪು ಹೊಗೆ ಕಾರಿ ನಿಂತೇಬಿಟ್ಟಿತು. ಅಲ್ಲಿ ಹಳ್ಳವಿಲ್ಲ, ಕೆಸರಿಲ್ಲ, ಮಳೆಯೂ ಇಲ್ಲ. ರಾಯರು ಆಕಾಶ ನೋಡುತ್ತ ಕೂತರು. ಮಾಪಣ್ಣ ಗಡಬಡಿಸಿ ಕೆಳಗಿಳಿದ. ಪೆಟ್ರೋಲು ನೋಡಿದ, ಪ್ಲಗ್ಗು ಬಿಚ್ಚಿದ, ವೈರು ಎಳೆದ. ಬೆವರು ಅಂಗಿಯಿಂದ ತೊಟ್ಟಿಕ್ಕಿತು. ಪಕ್ಕದ ಹೊಲದಲ್ಲಿ ಕಸ ತೆಗೆಯುವುದನ್ನು ಬಿಟ್ಟು ಬದುವಿನ ಮೇಲೆ ಬಂದು ಕೂತಿದ್ದ ಬಂಡೆಮ್ಮ ಎಂಬ ಮುದುಕಿ ಇದನ್ನೆಲ್ಲ ಅರ್ಧ ತಾಸು ಆರಾಮಾಗಿ ನೋಡಿ, ಕಡೆಗೆ ಕೇಳಿದಳು.

"ಯಪ್ಪಾ, ಅದರ ಬಾಯಿಗಿ ಅರಬಿ ಯಾಕ ಕಟ್ಟೀರಿ? ಕಡಿತದೇನು?"

ಮಾಪಣ್ಣ ತಲೆಯೆತ್ತಿದ. ಕೊಳವೆಯ ಬಾಗಿದ ಬಾಯಿಗೆ ಎರಡು ಪದರು ಮಡಿಬಟ್ಟೆ, ಮೇಲೆ ಸುತ್ತಿದ ದಾರ, ಅಚ್ಚುಕಟ್ಟಾದ ಗಂಟು. ಬಟ್ಟೆಗೆ ಅರಿಸಿನದ ಕಲೆ, ಹಿಂಗಿನ ವಾಸನೆ. ಬಿಚ್ಚಿ ರಾಯರ ಕೈಗೆ ಕೊಟ್ಟ. ರಾಯರು ಒಮ್ಮೆ ಮೂಸಿ ನೋಡಿದರು, ಯಾರ ಕೈಚಳಕವೆಂದು ಅರ್ಥವಾಯಿತು, ಮಡಿಸಿ ಕೋಟಿನ ಕಿಸೆಗೆ ಹಾಕಿಕೊಂಡರು. ಜೀಪು ಒಂದೇ ಒದೆತಕ್ಕೆ ಗುಡುಗಿ ಎದ್ದಿತು.

ಮಹಾಗಾಂವದ ಚಹಾ ಅಂಗಡಿಯಲ್ಲಿ ಸುದ್ದಿ ಕಾದಿತ್ತು. ರಾತ್ರಿಯ ಮಳೆಗೆ ಕಮಲಾಪುರದ ಹಳ್ಳ ತುಂಬಿದೆ, ಬಂಡಿಗಳೆಲ್ಲ ಹಿಂದಕ್ಕೆ ಬರುತ್ತಿವೆ. ರಾಯರು ಬೂಟು ನೋಡಿಕೊಂಡು, ತಿರುಗಿ ಹೋಗೋಣ ಎಂದರು. ಮಾಪಣ್ಣ ಅವರ ಕಾಲು ಹಿಡಿಯುವುದೊಂದು ಬಾಕಿ. ಒಂದು ಸಲ ನಂಬಿ ನೋಡಿ ಎಂದು ಬೇಡಿಕೊಂಡ, ಹೆಂಡತಿ ಮಾನಮ್ಮ ಖಾಯಂ ಆದ ದಿನ ಹೋಳಿಗೆ ಮಾಡಲೆಂದು ಬೆಲ್ಲ ತೆಗೆದಿಟ್ಟದ್ದನ್ನೂ ಹೇಳಿದ. ರಾಯರು ಕೆಟ್ಟವರಲ್ಲ, ಒಪ್ಪಿದರು.

ಹಳ್ಳ ಕೆಂಪಗೆ ತುಂಬಿ ಹರಿಯುತ್ತಿತ್ತು. ಆಚೆ ದಡದಲ್ಲಿ ಊರಿಗೆ ಊರೇ ನೆರೆದಿತ್ತು. ಮಾಪಣ್ಣ ಪ್ಲಗ್ಗುಗಳಿಗೆ ಗ್ರೀಸು ಮೆತ್ತಿದ, ನೀರು ಚಿಮ್ಮದಂತೆ ಫ್ಯಾನಿನ ಪಟ್ಟಿ ಬಿಚ್ಚಿದ, ಶರಣಬಸವಪ್ಪನನ್ನು ನೆನೆದು ಮೊದಲ ಗೇರಿನಲ್ಲಿ ಇಳಿದ. ಗಾಲಿ ಮುಳುಗಿತು, ದೀಪ ಮುಳುಗಿತು, ಬಾನೆಟ್ಟಿನ ಮೇಲೆ ನೀರು ಹತ್ತಿತು. ರಾಯರು ಎರಡೂ ಕಾಲೆತ್ತಿ ಮುಂದಿನ ಗಾಜಿಗೆ ಆನಿಸಿಟ್ಟು ವಿಷ್ಣುಸಹಸ್ರನಾಮ ಶುರುಮಾಡಿದರು. ಕೊಳವೆಯೊಂದೇ ಕೊಕ್ಕರೆಯ ಕತ್ತಿನಂತೆ ಮೇಲೆ ನಿಂತು, ಗಾಳಿಯನ್ನೆಳೆದು ಎಂಜಿನ್ನಿಗೆ ಉಣಿಸುತ್ತಿತ್ತು. ಮಾಪಣ್ಣ ಉಸಿರು ಬಿಗಿಹಿಡಿದ, ಜೀಪು ಬಿಗಿಹಿಡಿಯಲಿಲ್ಲ. ಸಹಸ್ರನಾಮ ನೂರು ದಾಟುವ ಮೊದಲೇ ಅದು ನೀರು ಕೊಡವುತ್ತ ಆಚೆ ದಡ ಹತ್ತಿತು. ರಾಯರ ಬೂಟು ಪೆಟ್ಟಿಗೆಯಿಂದ ಆಗ ತೆಗೆದಂತಿತ್ತು. ಮಾಪಣ್ಣನಿಗೆ ಹುಟ್ಟಿದ್ದಕ್ಕೂ ಸಾರ್ಥಕವೆನ್ನಿಸಿತು.

ಆದರೆ ದಡದ ಮೇಲೆ ಒಬ್ಬರೂ ಚಪ್ಪಾಳೆ ಹೊಡೆಯಲಿಲ್ಲ. ಎಲ್ಲರ ಮುಖವೂ ಮಣ್ಣು ಕೊಟ್ಟು ಬಂದವರ ಮುಖದಂತಿತ್ತು. ನಾಲ್ಕು ಜನ ಈಜುಗಾರರು ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಸಪ್ಪಗೆ ನಿಂತಿದ್ದರು. ಒಬ್ಬಳು ಒಣಗಿದ ಧೋತರ ಹಿಡಿದಿದ್ದಳು, ಇನ್ನೊಬ್ಬಳು ಹೊಗೆಯಾಡುವ ಶುಂಠಿ ಚಹಾ. ಊರ ಹಿರಿಯ ದೇವೀಂದ್ರಪ್ಪ ಮಾಪಣ್ಣನ ತೋಳು ಹಿಡಿದು ಪಕ್ಕಕ್ಕೆ ಎಳೆದ.

"ಈ ಹಳ್ಳದ ಮ್ಯಾಲ ಒಂದು ಪೂಲು ಕಟ್ರಿ ಅಂತ ಮೂರು ವರ್ಷದಿಂದ ಅರ್ಜಿ ಹಾಕಾಕತ್ತೀವಿ. ಪೂಲು ಬೇಕೋ ಬ್ಯಾಡೋ ಅಂತ ನೋಡಾಕ ಇವತ್ತ ಸಾಹೇಬರು ಬಂದಾರ. ಜೀಪ ನಡುನೀರಾಗ ಒಂದು ತಾಸು ನಿಂದ್ರಿಸಿದ್ರ ನಿನ್ನಪ್ಪನ ಗಂಟೇನು ಹೋಗತಿತ್ತೋ?"

ಮಾಪಣ್ಣ ತಿರುಗಿ ರಾಯರ ಕಡೆ ನೋಡಿದ. ಅಷ್ಟರಲ್ಲಿ ರಾಯರು ಬೇವಿನ ಮರದ ಕೆಳಗೆ ಕೂತು, ಊರಿನ ಕೆಂಪು ಬಾಳೆಹಣ್ಣು ತಿನ್ನುತ್ತ ವರದಿ ಬರೆದು ಮುಗಿಸಿಯೂ ಆಗಿತ್ತು. ಹಳ್ಳ ತುಂಬಿದ್ದರೂ ಸರಕಾರಿ ಗಾಡಿ ಸಲೀಸಾಗಿ ದಾಟುತ್ತದೆ, ಆದ್ದರಿಂದ ಪೂಲಿನ ಜರೂರತ್ತು ಇಲ್ಲ.

ದೇವೀಂದ್ರಪ್ಪ ಕೈ ಮುಗಿದು, ಊರವರ ಹತ್ತಿರ ಜೀಪಿಲ್ಲವಲ್ಲ ಎಂದ. ಮಾತು ನ್ಯಾಯದ್ದಾಗಿತ್ತು. ರಾಯರು ಯೋಚಿಸಿ ಇನ್ನೆರಡು ಸಾಲು ಸೇರಿಸಿದರು. ಪೂಲಿನ ಬದಲಿಗೆ ಈ ಜೀಪನ್ನೂ ಮಾಪಣ್ಣನನ್ನೂ ಇವತ್ತಿನಿಂದಲೇ ಈ ದಡಕ್ಕೆ ಹಾಕಲಾಗಿದೆ, ಜನರನ್ನು ಆಚೆ ಈಚೆ ದಾಟಿಸತಕ್ಕದ್ದು.

"ಖಾಯಂ ಏನ್ರೀ, ಸಾಹೇಬ್ರ?" ಮಾಪಣ್ಣ ಜೀವ ಕೈಯಲ್ಲಿ ಹಿಡಿದು ಕೇಳಿದ.

"ಖಾಯಂ ಮತ್ತ. ಪ್ರತಿ ವರ್ಷ, ಮಳಿಗಾಲದ ನಾಕೂ ತಿಂಗಳು."

"ಉಳಿದ ಎಂಟು ತಿಂಗಳ್ರೀ?"

ರಾಯರು ಪೆನ್ನಿನ ಟೋಪಿ ತಿರುಗಿಸುತ್ತ ಪ್ರೀತಿಯಿಂದಲೇ ಹೇಳಿದರು. "ಮಳಿ ಇಲ್ಲಂದಮ್ಯಾಲ ಪೂಲು ಯಾಕ ಬೇಕೋ?"

ಅಷ್ಟರಲ್ಲಿ ಜೀಪಿನಲ್ಲಿ ಹತ್ತು ಜನ, ಎರಡು ಮೇಕೆ ಹತ್ತಿಯಾಗಿತ್ತು. ದೇವೀಂದ್ರಪ್ಪ ಮುಖ ತಿರುಗಿಸಿಕೊಂಡೇ ಮುಂದಿನ ಸೀಟಿನಲ್ಲಿ ಕೂತು, ಸಂತೆಗೆ ಹೊತ್ತಾಯಿತು, ಬೇಗ ಬಾ ಎಂದ.